ಶೇಂಗಾ ಆರಿಸಲು ಹತ್ತನೇ ಪಾಸು

ಇವತ್ತು ಬೆಳಿಗ್ಗೆ ಗದ್ವಾಲದ ಮಗಳ ಮನೆಗೆಂದು ಹೊರಟು ಮಕ್ತಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಂಡಿಯವನು ಬಿಸಿ ಉಸುಕಿನಲ್ಲಿ ಶೇಂಗಾ ಹುರಿಯುತ್ತಿದ್ದ. ಆ ವಾಸನೆಗೆ ಉಳಿದವರ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಈ ವಯಸ್ಸಿಗೆ ಸಿಟ್ಟು ಒಳ್ಳೆಯದಲ್ಲ ಎನ್ನುತ್ತಾರೆ ಡಾಕ್ಟರು. ಅವರಿಗೆ ಮಲ್ಲಮ್ಮ ಗೊತ್ತಿಲ್ಲ. ನೀವಾದರೂ ಕೇಳಿ.

ಮಲ್ಲಮ್ಮ ನಮ್ಮ ಓಣಿಯವಳು. ಊರ ಹೊರಗಿನ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತಿದ್ದಳು. ಹುಳುಕು, ಮುರುಕು ಒಂದು ಕಡೆ, ಒಳ್ಳೆಯದು ಒಂದು ಕಡೆ. ಕೂತಲ್ಲೇ ಆ ಹೆಂಗಸರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ತಮ್ಮ ಅತ್ತೆಯರನ್ನು ಬೈದು ನಗುವುದು ರಸ್ತೆಗೆ ಕೇಳುತ್ತಿತ್ತು.

ಆಮೇಲೆ ಮಿಲ್ಲಿಗೆ ಹೊರದೇಶದ ಆರ್ಡರು ಬಂತು. ಆಗ ನಾನು ನಾರಾಯಣಪೇಟೆಯ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. 'ರಫ್ತು ಹೆಚ್ಚಿದರೆ ಎಲ್ಲರ ಕೈಗೂ ಕೆಲಸ' ಎಂದು ಬೋರ್ಡಿನ ಮೇಲೆ ದುಂಡಗೆ ಬರೆಯುತ್ತಿದ್ದೆ. ದುಂಡಗೆ ಬರೆದದ್ದೆಲ್ಲ ನಿಜವೆಂದು ನಂಬುವ ಕುಲ ನಮ್ಮದು, ಮಾಸ್ತರರದು. ಮೊದಮೊದಲು ಅದು ನಿಜವೂ ಆಯಿತು. ಕೃಷ್ಣಾ ಕಡೆಯ ಹಳ್ಳಿಗಳಿಂದಲೂ ಟೆಂಪೋದಲ್ಲಿ ಹೆಂಗಸರನ್ನು ತುಂಬಿಕೊಂಡು ಬಂದರು. ಮಲ್ಲಮ್ಮ ಸೊಸೆಯನ್ನೂ ಕರೆದೊಯ್ದಳು.

ಕೊಳ್ಳುವವರ ಬೇಡಿಕೆ ಬೆಳೆಯಿತು. ಎಲ್ಲ ಕಾಳೂ ಒಂದೇ ಅಳತೆ ಇರಬೇಕು, ಚೀಲಚೀಲದ ವಿವರ ಕಂಪ್ಯೂಟರಿನಲ್ಲಿರಬೇಕು. ಬಣ್ಣ ನೋಡಿ ಕಾಳು ಆರಿಸುವ ಯಂತ್ರ ಬಂತು. ಅದನ್ನು ನಡೆಸಲು ಡಿಗ್ರಿಯವರು. ಉಳಿದ ಕೆಲಸಕ್ಕೆ ಹತ್ತನೇ ಪಾಸಾದವರು. ಕಸ ಗುಡಿಸುವವಳಿಗೂ ಗೋಡೆಗೆ ಹಚ್ಚಿದ ಇಂಗ್ಲಿಷ್ ಸೂಚನೆ ಓದಲು ಬರಬೇಕಂತೆ! ಬಿ.ಕಾಂ. ಓದಿದ್ದ ನನ್ನ ತಮ್ಮನ ಮಗಳಿಗೆ ಅಲ್ಲೇ ಕೆಲಸ ಸಿಕ್ಕಿತು. ಓಣಿಗೆಲ್ಲ ಪೇಡೆ ಹಂಚಿದೆವು. ಅದೇ ವಾರ ಮಲ್ಲಮ್ಮನಿಗೂ ಉಳಿದ ಹೆಂಗಸರಿಗೂ, ನಾಳೆಯಿಂದ ಬರಬೇಡಿ ಎಂದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲವೇನೋ. ಕೆಲವು ದಿನಗಳ ಮೇಲೆ ಕೊಳ್ಳುವ ದೇಶದವರು ಮಿಲ್ಲು ನೋಡಲು ಬಂದರು. ಮಿಲ್ಲಿನಿಂದ ಹಳ್ಳಿಯ ಹೆಂಗಸರಿಗೂ ಕೆಲಸ ಸಿಕ್ಕಿದೆ ಎಂದು ಅವರಿಗೆ ತೋರಿಸಬೇಕಿತ್ತು. ಮಿಲ್ಲಿನ ಸಾವ್ಕಾರ ಟೆಂಪೋ ಕಳಿಸಿದ. ಕೆಲಸ ಮರಳಿ ಬಂತೆಂದು ಎಲ್ಲರೂ ಓಡಿದರು. ತಲೆಗೆ ಬಿಳಿ ಟೊಪ್ಪಿಗೆ ಹಾಕಿಸಿ, ಯಂತ್ರ ಆರಿಸಿ ಮುಗಿಸಿದ್ದ ಕಾಳನ್ನೇ ಮೊರಕ್ಕೆ ಸುರಿದು, ಆರಿಸಿ ಎಂದರು. ಫೋಟೋ ತೆಗೆದರು. ಬಂದವರ ಕಾರು ಹೋದ ಮೇಲೆ, ಸಾಕು, ಮನೆಗೆ ಹೋಗಿ ಎಂದರು.

ತಮ್ಮನ ಮಗಳನ್ನು ಕರೆತರಲು ಹೋಗಿದ್ದ ನಾನು ಗೇಟಿನಲ್ಲೇ ಇದ್ದೆ.

"ನಾಳಿಗೆ ಬರೂದೇನ್ರಿ?" ಎಂದು ಮಲ್ಲಮ್ಮ ಕೇಳಿದಳು.

"ನೀವು ಓದಿಲ್ಲಲ್ಲಮ್ಮ. ಹೊರದೇಶದವರ ರೂಲು, ನಾ ಏನ್ ಮಾಡ್ಲಿ?" ಎಂದ ಸಾವ್ಕಾರ.

ಮಲ್ಲಮ್ಮ ಟೊಪ್ಪಿಗೆ ಕಿತ್ತು ಅವನ ಕಾಲ ಬುಡಕ್ಕೆ ಎಸೆದಳು. "ನಾ ಸಣ್ಣಾಕಿ ಇದ್ದಾಗ ನಿಮ್ಮಪ್ಪ ಮನಿಗೆ ಬಂದು, ಹುಡುಗಿನ್ನ ಕಣಕ್ಕ ಕಳಿಸ್ರಿ ಅಂದ. ಶೇಂಗಾ ಬಿಡಿಸಾಕ ನನ್ನ ಸಾಲಿ ಬಿಡಿಸಿದ್ರಿ. ಈಗ ಸಾಲಿ ಕಲ್ತಿಲ್ಲ ಅಂತ ಕೆಲಸಾನೂ ಬಿಡಿಸ್ತೀರೇನು?"

ಸಾವ್ಕಾರ ಫೋನು ಕಿವಿಗೆ ಹಚ್ಚಿಕೊಂಡು ಒಳಗೆ ಹೋದ. ಆಗಷ್ಟೇ ಗೇಟಿಗೆ ಬಂದಿದ್ದ ತಮ್ಮನ ಮಗಳು ತಲೆ ತಗ್ಗಿಸಿದಳು.

ನನ್ನ ಸಿಟ್ಟು ಯಂತ್ರದ ಮೇಲಲ್ಲ, ಓದಿದ ಮಕ್ಕಳ ಮೇಲಂತೂ ಅಲ್ಲವೇ ಅಲ್ಲ. ಬೇಡವಾದಾಗ ಅಕ್ಷರ ಕಸಿದುಕೊಂಡು, ಬೇಕಾದಾಗ 'ಎಲ್ಲಿ ನಿನ್ನ ಅಕ್ಷರ?' ಎಂದು ಕೇಳುತ್ತಾರಲ್ಲ, ಆ ನಾಚಿಕೆಗೇಡಿತನದ ಮೇಲೆ.

ಈ ಸಲ ಹೊರದೇಶದವರು ಸರಕು ಒಲ್ಲೆ ಎಂದರಂತೆ. ಡಿಗ್ರಿಯವರೂ ಮನೆಗೆ ಬಂದರು; ನಮ್ಮ ಹುಡುಗಿಯೂ ಬಂದಳು. ಇನ್ನು ಶೇಂಗಾ ಊರ ಸಂತೆಗೇ; ಸಂತೆಯ ಮಾಲಿಗೆ ಯಂತ್ರ ದುಬಾರಿ, ಅಗ್ಗದ ಕೈ ಸಾಕು. ಇವತ್ತು ಬೆಳಿಗ್ಗೆ ನಾನು ನೋಡುತ್ತಿದ್ದಂತೆಯೇ ಬಸ್‌ಸ್ಟ್ಯಾಂಡಿಗೆ ಮಿಲ್ಲಿನ ಟೆಂಪೋ ಬಂದು ನಿಂತಿತು. ಕೂಲಿಗೆ ಹೊರಟಿದ್ದ ಹಳೆಯ ಹೆಂಗಸರಲ್ಲಿ ಕೆಲವರು ಹತ್ತಿದರು. ಅವರನ್ನು ತಪ್ಪೆನ್ನಲಾರೆ, ಒಲೆ ಉರಿಯಬೇಕಲ್ಲ. ಗದ್ವಾಲದ ದಾರಿಯ ಧರೂರಿನ ಕಡೆ ಭತ್ತದ ನಾಟಿಗೆ ಹೊರಟಿದ್ದ ಮಲ್ಲಮ್ಮ ಮಾತ್ರ ಕೂತಲ್ಲಿಂದ ಕದಲಲಿಲ್ಲ.

"ಬಾ ಅಕ್ಕಾ, ಸಾವ್ಕಾರ್ರು ನಿನ್ನ ಹೆಸರು ಹಿಡಿದು ಹೇಳ್ಯಾರ," ಎಂದ ಟೆಂಪೋದಿಂದ ಇಳಿದ ಮಿಲ್ಲಿನ ಮೇಸ್ತ್ರಿ. ಅವಳು ಏಳದಿದ್ದಾಗ, "ಅವರಿಗೆ ಏನಂತ ಹೇಳ್ಲಿ?" ಎಂದ.

"ಒಲ್ಲೆ ಅಂದ್ಲು ಅಂತ ಹೇಳು. ಅಷ್ಟು ಹೇಳಾಕ ಹತ್ತನೇ ಪಾಸ್ ಆಗಬೇಕಾಗಿಲ್ಲ."

'ಸಿಟ್ಟು ಬಿಡವ್ವ' ಎಂದು ಎಲ್ಲರಿಗೂ ಬುದ್ಧಿ ಹೇಳುವ ಮನುಷ್ಯ ನಾನು. ಇವತ್ತು ಹೇಳಲಿಲ್ಲ. ಗದ್ವಾಲದ ಬಸ್ಸು ಬಂತು. ಮಲ್ಲಮ್ಮನ ಬುತ್ತಿಗಂಟು ಇಸಕೊಂಡು ಅವಳ ಹಿಂದೆಯೇ ಹತ್ತಿದೆ.