ಕೈ ಎತ್ತಿ ಹೇಳುವ ಸಂಕಟ

"ಯಾರಿಗೆ ಬದುಕೋದೇ ಬ್ಯಾಡ ಅನ್ಸುತ್ತೋ, ಅವ್ರು ಕೈ ಎತ್ರಪ್ಪಾ!"

ಗೆಳೆಯರೇ, ಇವತ್ತು ಮಳವಳ್ಳಿ ಕಡೆಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು ಒಂಬತ್ತನೇ ತರಗತಿಗೆ ಕೇಳಿದ ಪ್ರಶ್ನೆ ಇದು. ಶಾಲೆಯ ಹೆಸರು ಬೇಡ.

ಮಕ್ಕಳ ಮನಸ್ಸಿನ ಸಂಕಟ ತಿಳಿಯುವ, ಒಬ್ಬೊಬ್ಬರೇ ಗುಟ್ಟಾಗಿ ತುಂಬಬೇಕಾದ ಪ್ರಶ್ನಾವಳಿಯನ್ನು ನಾನೂ ಆಪ್ತಸಮಾಲೋಚಕಿ ನಾಜಿಮಾ ಅವರೂ ಉರ್ದುವಿಗೆ ಒಗ್ಗಿಸಿ, ಪ್ರಯೋಗಕ್ಕೆಂದು ಒಯ್ದಿದ್ದೆವು. ಆದರೆ ಮನೆಯಲ್ಲಿ ಉರ್ದು ಆಡುವ ಆ ಮಕ್ಕಳು ಓದುವುದೆಲ್ಲ ಕನ್ನಡದಲ್ಲಿ. ಉರ್ದು ಅಕ್ಷರ ಕಂಡು ತಡವರಿಸಿದರು. ಮೇಷ್ಟ್ರು ನೆರವಾಗಲು ಹೋಗಿ, ಅನುಮತಿಗಾಗಿ ನಾವು ಕೊಟ್ಟಿದ್ದ ಕನ್ನಡ ಪ್ರತಿಯನ್ನು ಗಟ್ಟಿಯಾಗಿ ಓದಿಯೇಬಿಟ್ಟರು.

ನಾವು ತಡೆಯುವಷ್ಟರಲ್ಲಿ ಹುಡುಗಿಯೊಬ್ಬಳ ಕೈ ಮೇಲೆದ್ದಿತ್ತು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು.

"ಏನವ್ವಾ ಬಂದಿರೋದು ನಿಂಗೆ? ತಡಿ, ನಿಮ್ಮಪ್ಪಂಗೆ ಈಗ್ಲೇ ಫೋನ್ ಮಾಡ್ತೀನಿ," ಎಂದು ಮೇಷ್ಟ್ರು ಮೊಬೈಲ್ ತೆಗೆದರು.

"ಬ್ಯಾಡಿ ಸಾ... ನಮ್ ಅಬ್ಬ ಇಸ್ಕೂಲೇ ಬುಡಿಸ್ಬುಡ್ತಾರೆ," ಎಂದಳು. ಎತ್ತಿದ ಕೈ ಇಳಿಸುವುದನ್ನೂ ಮರೆತಿದ್ದಳು.

ನಾಜಿಮಾ ಥಟ್ಟನೆ ಚಪ್ಪಾಳೆ ತಟ್ಟಿದರು. "ಫೋನ್ ಇಡಿ ಸಾರ್! ಕೈ ಎತ್ತಮ್ಮ ಅಂತ ನಾನೇ ಹೇಳ್ಕೊಟ್ಟಿದ್ದೆ. ಯಾರ್ಯಾರು ನಗ್ತಾರೆ ಅಂತ ನೋಡ್ಬೇಕಿತ್ತು."

ನಗು ನಿಂತಿತು. ಮೊಬೈಲ್ ಜೇಬು ಸೇರಿತು. ಆಮೇಲೆ ನಾಜಿಮಾ ಪಕ್ಕದ ಕೋಣೆಯಲ್ಲಿ ಆ ಹುಡುಗಿಯ ಜೊತೆ ಸಂಜೆಯವರೆಗೂ ಕೂತಿದ್ದರು. ನಾಳೆಯೂ ಹೋಗುತ್ತಾರೆ.

ಹೊರಡುವಾಗ ಮೇಷ್ಟ್ರು ನನ್ನ ಹೆಗಲು ತಟ್ಟಿದರು: "ಒಳ್ಳೆ ನಾಟ್ಕ ಆಡ್ಸುದ್ರಿ ಕಣ್ರೀ! ಆ ಮಗು ಎಂಥಾ ಆಕ್ಟಿಂಗ್ ಮಾಡ್ತು! ನಾನೇ ನಂಬ್ಬುಟ್ಟಿದ್ದೆ."

ಪ್ರಶ್ನಾವಳಿಯನ್ನು ಉರ್ದುವಿಗೆ ಹೇಗಾದರೂ ಒಗ್ಗಿಸಬಹುದು ಗೆಳೆಯರೇ. ಮೇಷ್ಟ್ರಿಗೆ ಒಗ್ಗಿಸುವುದು ಹೇಗೆಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೇನೆ.