ಹಾಲು ಕರೆಯುವ ಕೈಗೊಬ್ಬ ಡಾಕ್ಟರು

ಈ ಬೆಳಿಗ್ಗೆ ತಲೆಗೆ ಬಣ್ಣ ಹಚ್ಚಿಕೊಳ್ಳಲು ರಬ್ಬರ್ ಗ್ಲೌಸಿನ ಪೊಟ್ಟಣ ಒಡೆದೆ. ವಯಸ್ಸು ಮರೆಸುವ ಕೆಲಸಕ್ಕೆ ಕೂತವನಿಗೆ ಆ ವಾಸನೆ ಎರಡು ವರ್ಷದ ಹಿಂದಿನದನ್ನೆಲ್ಲ ನೆನಪಿಸಿತು. ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ, ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ ನಾನೇ ನಂಬುವುದಿಲ್ಲ. ಆಗಿನ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಆಗ ನಾನು ವಕ್ಕಲೇರಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕೋಲಾರದ ಕಾಲೇಜೊಂದಕ್ಕೆ ಪಾಠ ಹೇಳಲು ಹೋಗಿಬರುತ್ತಿದ್ದೆ. ದೊಡ್ಡಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದಾಗ ಕೈ ಇತ್ತು, ಮುಷ್ಟಿ ಇರಲಿಲ್ಲ. ಬೆರಳುಗಳು ಅರ್ಧಕ್ಕೆ ಮಡಚಿ ನಿಂತುಬಿಡುತ್ತಿದ್ದವು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ಚೆನ್ನಾಗಿ ಕೂಡಿದೆ" ಎಂದರು.

"ಮೂಳೆ ಹಾಲು ಕರೀತದಾ ಸ್ವಾಮಿ?" ಎಂದರು ದೊಡ್ಡಮ್ಮ.

ಅವರ ಹಸು ಕೆಂಚಿ ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ದೊಡ್ಡಪ್ಪ ಮೂರು ದಿನ ಒದೆ ತಿಂದು, ನಾಲ್ಕನೆಯ ದಿನ ದೊಡ್ಡಮ್ಮನ ಒಗೆಯದ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಕೂತರು. ಮನುಷ್ಯರೊಂದಿಗೆ ಕನ್ನಡ, ದನದೊಂದಿಗೆ ತೆಲುಗು, ಇದು ಅವರ ಪದ್ಧತಿ. "ಆಗವೇ ತಲ್ಲೀ" ಎಂದು, ಅಂದರೆ ನಿಲ್ಲೇ ತಾಯಿ ಎಂದು, ಬೇಡಿಕೊಳ್ಳುತ್ತ ಅರ್ಧ ಬಕೆಟ್ ಕರೆದರು. ಸೆರಗಿನಾಚೆ ಇಣುಕುತ್ತಿದ್ದ ಮೀಸೆಯನ್ನು ಕೆಂಚಿ ನೋಡಿಯೂ ನೋಡದಂತೆ ಇತ್ತೆಂದು ದಿನಚರಿ ಹೇಳುತ್ತದೆ. ಹಸುವಿನ ಮನಸ್ಸು ನನಗೆ ಹೇಗೆ ತಿಳಿಯಿತೋ ಕಾಣೆ.

"ಯುಗಾದಿವರ್ಗೂ ನೋಡ್ತೀನಿ," ಎಂದರು ದೊಡ್ಡಪ್ಪ, ಸೆರಗು ಸರಿಮಾಡಿಕೊಳ್ಳುತ್ತ. "ಅಷ್ಟರಲ್ಲಿ ನಿನ್ ಕೈ ಬರ್ದಿದ್ರೆ ಇದನ್ನ ದೇವರಾಯಸಮುದ್ರಕ್ಕೆ, ನನ್ ತಂಗಿ ಮನೆಗೆ ಅಟ್ಬಿಡ್ತೀನಿ."

ದೊಡ್ಡಮ್ಮ ಅಂದು ಊಟ ಮಾಡಲಿಲ್ಲ.

ಓದಿದವನೆಂಬ ತಪ್ಪಿಗೆ ಡಾಕ್ಟರನ್ನು ಹುಡುಕುವ ಕೆಲಸ ನನಗೆ ಬಿತ್ತು. ಮುರಿದದ್ದನ್ನು ಕೂಡಿಸುವವರು ಒಬ್ಬರು, ಕೂಡಿದ್ದನ್ನು ಮತ್ತೆ ಕೆಲಸಕ್ಕೆ ಹಚ್ಚುವವರು ಇನ್ನೊಬ್ಬರು. ಆ ಇನ್ನೊಬ್ಬರಿಗೆ ಪುನಶ್ಚೇತನ ವೈದ್ಯರೆಂದು ಹೆಸರು ಎಂದು ಫೋನಿನಲ್ಲಿ ಓದಿಕೊಂಡೆ. ಅಂಥವರು ಕೋಲಾರದಲ್ಲಿ ಎಲ್ಲಿದ್ದಾರೆಂದು ಕೇಳಿದರೆ ಒಬ್ಬರು ಜಿಮ್ಮಿಗೆ ದಾರಿ ತೋರಿಸಿದರು, ಇನ್ನೊಬ್ಬರು ನರದ ಡಾಕ್ಟರಿಗೆ. ದೊಡ್ಡಮ್ಮನನ್ನು ಕರೆದುಕೊಂಡು ಹೋದಾಗ ನರದ ಡಾಕ್ಟರ ಕೌಂಟರಿನಲ್ಲಿ ಕೂತಿದ್ದಾಕೆ, "ನೋವೆಲ್ಲಿ?" ಎಂದರು.

"ನೋವಿಲ್ಲಮ್ಮ," ಎಂದರು ದೊಡ್ಡಮ್ಮ.

"ಮತ್ಯಾಕ್ ಬಂದ್ರಿ?" ಎಂದವರು ಸ್ವಲ್ಪ ಯೋಚಿಸಿ, "ಹಿಂದಿನ್ ಬೀದೀಲಿ ಒಬ್ರು ಮೇಡಮ್ಮವ್ರೆ. ನೋವಿಲ್ದೋರ್ನೂ ನೋಡ್ತಾರೆ" ಎಂದರು.

ನಾವು ಹುಡುಕುತ್ತಿದ್ದುದು ಅವರನ್ನೇ. ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟು, "ಅಮ್ಮ, ಈ ಕೈಯಲ್ಲಿ ನಿಮಗೇನು ಮಾಡ್ಬೇಕು?" ಎಂದರು. ದೊಡ್ಡಮ್ಮ ನನ್ನ ಮುಖ ನೋಡಿದರು. ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ, ನಾನೂ.

"ಹಾಲ್ ಕರೀಬೇಕು."

"ಹೇಗೆ ಕರೀತೀರಿ, ತೋರ್ಸಿ."

ದೊಡ್ಡಮ್ಮ ಸುತ್ತ ನೋಡಿದರು. ಹಸು ಇರಲಿಲ್ಲ, ನಾನಿದ್ದೆ. "ಬಗ್ಗೋ ಲೇ" ಎಂದರು. ಬಗ್ಗಿ ಕೈ ಇಳಿಬಿಟ್ಟೆ. ನಾಲ್ಕು ಬೆರಳು, ನಾಲ್ಕು ತೊಟ್ಟು. ಎಡಗೈಯಲ್ಲಿ ಹಿಂಡಿ ತೋರಿಸಿ, ಬಲಗೈಯಲ್ಲಿ ಹಿಂಡಲು ಹೋಗಿ ಸೋತರು. ಡಾಕ್ಟರು ನನ್ನ ಕಿರುಬೆರಳಿನ ಹತ್ತಿರ ಬಗ್ಗಿ ಗಂಭೀರವಾಗಿ ನೋಡುತ್ತಿದ್ದರು. ನನ್ನ ಎಂ.ಎ. ಆ ಹೊತ್ತಿಗೆ ಎಲ್ಲಿತ್ತೋ.

"ಇವರಿಂದ ಆಗಲ್ಲ," ಎಂದ ಡಾಕ್ಟರು ರಬ್ಬರ್ ಗ್ಲೌಸಿಗೆ ನೀರು ತುಂಬಿ, ಬೆರಳ ತುದಿಗಳಿಗೆ ಸೂಜಿ ಚುಚ್ಚಿ, ಪರದೆಯ ಕಂಬಿಗೆ ಕಟ್ಟಿ ತಾವೇ ಎಳೆದು ನೋಡಿದರು.

"ಹಂಗಲ್ಲ ಕಣಮ್ಮ. ಮೇಲೆ ಬಿಗಿಹಿಡ್ಕೊಂಡು ಕೆಳಕ್ ಬಾ," ಎಂದು ದೊಡ್ಡಮ್ಮ ತಿದ್ದಿದರು. ಆದರೆ ಅವರು ಹಿಂಡಿದಾಗ ಬಂದದ್ದು ಎರಡೇ ಹನಿ. ಕಣ್ಣಲ್ಲೂ ಹೆಚ್ಚುಕಡಿಮೆ ಅಷ್ಟೇ.

"ದಿನಾ ಎರಡು ಹೊತ್ತು ಇದನ್ನೇ ಕರೀರಿ," ಎಂದರು ಡಾಕ್ಟರು.

ಯುಗಾದಿಗೆ ನಾಲ್ಕು ದಿನ ಇರುವಾಗ, ಅಡುಗೆಮನೆ ಬಾಗಿಲಿಗೆ ತೂಗುಹಾಕಿದ್ದ ಗ್ಲೌಸಿನಿಂದ ಚಿಮ್ಮಿದ ನೀರು ದೊಡ್ಡಪ್ಪನ ಮೀಸೆ ಮುಟ್ಟಿತು. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಮಡಿಸೀರೆ ಉಟ್ಟು ಕೆಂಚಿಯ ಪಕ್ಕ ಕೂತರು. ಕೆಂಚಿ ಒದ್ದಿತು. ಅದಕ್ಕೀಗ ದೊಡ್ಡಮ್ಮ ಯಾರೋ.

ದೊಡ್ಡಮ್ಮ ಉರುಳಿದ ಬಕೆಟ್ಟನ್ನು ನೆಟ್ಟಗಿಟ್ಟು ಗಂಡನ ಕಡೆ ತಿರುಗಿದರು. "ಏನ್ರೀ, ಬಿಚ್ಚಿ ಅದನ್ನ."

ಅಭ್ಯಾಸಬಲದಿಂದ ಆಗಲೇ ಸೀರೆ ಉಟ್ಟು ನಿಂತಿದ್ದ ದೊಡ್ಡಪ್ಪ ಬಿಚ್ಚಿಕೊಟ್ಟು ಚಡ್ಡಿಯಲ್ಲಿ ನಿಂತರು. ದೊಡ್ಡಮ್ಮ ಅದನ್ನು ಹೊದ್ದು, ಗಂಡನಂತೆಯೇ "ಆಗವೇ ತಲ್ಲೀ" ಎಂದರು. ಬಕೆಟ್ಟಿನ ತಳದಲ್ಲಿ ಚೊರ್ ಚೊರ್ ಎಂದಿತು.

ಇಷ್ಟು ಬರೆದ ಮೇಲೂ ಅನುಮಾನ ಉಳಿದು ಈಗ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಎಲ್ಲಾ ನಿಜಾನೇ ಕಣೋ. ಆದ್ರೆ ಈಗ ಬೆಳಿಗ್ಗೆ ಮಾತ್ರ ನಾನು ಕರೀತೀನಿ, ಸಾಯಂಕಾಲ ಅವ್ರು. ಕರೀದಿದ್ರೆ ಅವ್ರಿಗೆ ನಿದ್ದೆ ಬರಲ್ಲ."

"ಇನ್ನೂ ನಿಮ್ಮ ಸೀರೆ ಉಟ್ಕೊಂಡೇನಾ?"

"ನಂದ್ಯಾಕ್ ಉಡ್ತಾರೆ? ಹೋದ್ ತಿಂಗ್ಳು ಕೋಲಾರಕ್ಕೋಗಿ ಅವ್ರೇ ಒಂದು ತಂದ್ಕೊಂಡವ್ರೆ," ಎಂದ ದೊಡ್ಡಮ್ಮ ದನಿ ತಗ್ಗಿಸಿದರು. "ನನ್ನವಕ್ಕಿಂತ ಚೆನ್ನಾಗೈತೆ."