ಹೆಳವಜ್ಜ ಖಾಲಿ ಬಿಟ್ಟ ಸಾಲು

ನನ್ನ ಹೆಂಡತಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಬೆಳಿಗ್ಗೆ ಹೆಳವಜ್ಜ ನವನಗರದ ನಮ್ಮ ಮನೆಗೆ ಬಂದ. ಹೆಳವರೆಂದರೆ ನಮ್ಮಂಥವರ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳುವವರು. ಹುಟ್ಟಿದವರನ್ನು, ಸತ್ತವರನ್ನು, ಸೊಸೆಯಾಗಿ ಬಂದವರನ್ನು ಸೇರಿಸಿಕೊಂಡು, ಜೋಳ, ಬಟ್ಟೆ ಪಡೆದು ಹೋಗುತ್ತಾರೆ.

ನಮ್ಮ ಲಗ್ನವಾದ ಮೇಲೆ ಈ ಅಜ್ಜ ಮೂರು ಸಲ ಬಂದಿದ್ದ. ಮೂರೂ ಸಲ ನಾನು ಓದು ಕೇಳಿರಲಿಲ್ಲ. ಅವನು ಪುಸ್ತಕದ ಗಂಟು ಬಿಚ್ಚುತ್ತಿದ್ದಂತೆ ಹೆಂಡತಿ, "ಹಿಟ್ಟ ತೀರೈತ್ರಿ, ಗಿರಣಿಗೆ ಹೋಗಿ ಬರ್ರಿ" ಎಂದು ಜೋಳದ ಚೀಲ ನನ್ನ ಕೈಗಿಡುತ್ತಿದ್ದಳು.

ಈ ಸಲ ಕೂತು ಕೇಳಿದೆ. ಪಕ್ಕದ ಸೆಕ್ಟರಿನಿಂದ ಅಣ್ಣನೂ ಬಂದಿದ್ದ. ಅಜ್ಜ ಕನ್ನಡಕ ಏರಿಸಿ ಓದತೊಡಗಿದ. ನಮ್ಮ ಮುತ್ತಜ್ಜನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನಮ್ಮ ಅಜ್ಜ. ಕಿರಿಯವನನ್ನು ಹುನಗುಂದದ ಕಡೆಯ ಮಕ್ಕಳಿಲ್ಲದ ಮನೆಗೆ ದತ್ತಕ ಕೊಟ್ಟರು.

"ಅಲ್ಲಿ ಅವನ ಹೆಸರ ಬದಲಾತು, ಬೆಡಗ ಬದಲಾತು. ಅವನ ಮಗನ ಮಗಳು..." ಎಂದವನು ಹೆಸರು ಹೇಳಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ನನ್ನ ಹೆಂಡತಿಯ ಫೋಟೋ ನೋಡಿ ಕೈ ಮುಗಿದ.

ಬೆಡಗೆಂದರೆ ಮನೆತನದ ಮೂಲ ಕವಲು. ಒಂದೇ ಬೆಡಗಿನವರು ನಮ್ಮಲ್ಲಿ ಅಣ್ಣತಂಗಿಯರು; ಅವರ ನಡುವೆ ಲಗ್ನವಾಗುವಂತಿಲ್ಲ. ದತ್ತಕ ಹೋದರೂ ಹುಟ್ಟಿದ ಬೆಡಗು ಬಿಟ್ಟುಹೋಗುವುದಿಲ್ಲ.

"ಏನಜ್ಜಾ, ಪುಸ್ತಕ ಉಲ್ಟಾ ಹಿಡದಿ ಏನು?" ಅಣ್ಣ ನಕ್ಕ.

"ಉಲ್ಟಾ ಹಿಡದ್ರೂ ನಿಮ್ಮಜ್ಜನ ತಮ್ಮ ನಿಮ್ಮಜ್ಜನ ತಮ್ಮನರಿ, ಸಾಹುಕಾರ್ರ."

ಅಣ್ಣನ ನಗು ನಿಂತಿತು. ಆ ಲೆಕ್ಕದಲ್ಲಿ ನನ್ನ ಹೆಂಡತಿ ನನಗೆ ತಂಗಿ.

ಲಗ್ನಕ್ಕೆ ಮುಂಚೆ ಹಿರಿಯರು ಬೆಡಗು ಕೇಳಿದ್ದರು. ಬೇರೆ ಬೇರೆ ಎಂದು ಬಂದಿತ್ತು. ಹೆಳವರನ್ನೂ ಒಂದು ಮಾತು ಕೇಳುವುದು ರೂಢಿ. ಆದರೆ ಅದು ಅಣೆಕಟ್ಟಿನ ನೀರಿಗೆ ಊರು ಮುಳುಗಿ ನಾವು ನವನಗರಕ್ಕೆ ಬಂದ ಮುಳುಗಡೆಯ ಕಾಲ. ಆ ವರ್ಷ ಈ ಹೆಳವಜ್ಜ ಹಳೇ ಬಾಗಲಕೋಟೆಗೆ ಬಂದು, ನಮ್ಮ ಓಣಿ ಇದ್ದಲ್ಲಿ ಹಿನ್ನೀರು ನೋಡಿ ತಿರುಗಿ ಹೋಗಿದ್ದನಂತೆ.

"ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ನಿಮ್ಮ ಮನಿಯಾಕಿಗೆ ಮದಲನೇ ಸಲನ ಹೇಳಿದ್ನಿರಿ. ನೀವು ಹೊರಗಿಂದ ಬರೂ ಮದಲ, ಅಕಿ ತವರಮನಿ ಕೇಳೂವಾಗ ನನಗ ತಿಳೀತು. ಅಕಿ ಅಂದ್ಲು, 'ಯಜ್ಜಾ, ಅವರು ಭಾಳ ಮನಸಿಗೆ ಹಚ್ಚಿಕೊಳ್ಳೂ ಮನಷ್ಯಾ. ನಾ ಇರೂತನಾ ಓದಬ್ಯಾಡ. ಹ್ವಾದ ಮ್ಯಾಲ ಹೇಳು.' ಅದಕ್ಕ ನಿಮ್ಮ ಹೆಸರಿನ ಕೆಳಗಿನ ಸಾಲು ಖಾಲಿ ಬಿಟ್ಟೀನಿ."

ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗೊತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ದವಾಖಾನೆಗೆ ಕರೆದರೆ "ಬ್ಯಾಡ ಬಿಡ್ರಿ" ಎನ್ನುತ್ತಿದ್ದಳು. ಅಂಜುತ್ತಾಳೆ ಅಂದುಕೊಂಡಿದ್ದೆ. ಒಮ್ಮೆ ಅದೇ ಸಿಟ್ಟಿಗೆ ಒಂದು ತಿಂಗಳು ಅವಳೊಂದಿಗೆ ಮಾತಾಡಿರಲಿಲ್ಲ. ಅವಳು ದಿನಾ ರೊಟ್ಟಿ ಬಡಿದು ಮುಂದಿಟ್ಟು ಹೋಗುತ್ತಿದ್ದಳು.

ಅಣ್ಣ ನನ್ನ ಹತ್ತಿರ ಸರಿದ. "ತಮ್ಮಾ, ಅಕಿ ಹ್ವಾದ್ಲು. ಮಕ್ಕಳೂ ಇಲ್ಲ. ಆ ಸಾಲು ಖಾಲೀನ ಇರ್ಲಿ. ನನ್ನ ಮಗಳಿಗೆ ವರ ನೋಡಾಕತ್ತೇವಿ. ಅಣ್ಣತಂಗಿ ಲಗ್ನ ಆದ ಮನಿ ಅಂದ್ರ ಯಾರ ಬರ್ತಾರ?"

ಅವನ ಮಾತು ಸುಳ್ಳಲ್ಲ. ಆದರೆ ಅವಳು ಮಕ್ಕಳಿಲ್ಲದವಳು. ಆ ಸಾಲು ಖಾಲಿ ಉಳಿದರೆ ನನ್ನ ನಂತರ ಅವಳು ಈ ಮನೆಗೆ ಬಂದಿದ್ದಳು ಎಂದು ಹೇಳುವವರೇ ಇರುವುದಿಲ್ಲ.

"ಬರಿ ಅಜ್ಜಾ" ಎಂದೆ.

"ತವರಿನ ಬೆಡಗ ಯಾವುದು ಬರೀಲ್ರಿ? ಹುಟ್ಟಿದ್ದೋ, ದತ್ತಕದ್ದೋ?"

"ಖರೆ ಯಾವುದೈತಿ ಅದನ್ನ ಬರಿ. ನನ್ನ ಹೇಣ್ತಿ ಅಂತನೂ ಬರಿ."

ಅಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಅವನಿಗೆ ಕೊಟ್ಟ ಚಹಾ ಹಾಗೇ ಉಳಿಯಿತು.

ಅಜ್ಜ ನಿಧಾನಕ್ಕೆ ಬರೆದ. ಬರೆದದ್ದನ್ನು ಮೊದಲಿನಿಂದ ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಓದಿದ. ನನ್ನ ಹೆಸರಾದ ಮೇಲೆ ಅವಳ ಹೆಸರು ಬಂತು.

ಅವನಿಗೆ ಜೋಳ ತರಲು ಅಡುಗೆಮನೆಗೆ ಹೋದೆ. ಜೋಳದ ಚೀಲದ ಪಕ್ಕದಲ್ಲೇ ಹಿಟ್ಟಿನ ಡಬ್ಬಿ ಇತ್ತು. ಆ ಮೂರು ಸಲವೂ ಗಿರಣಿಯಿಂದ ತಂದ ಹಿಟ್ಟು ಸುರಿಯಲು ಅದರಲ್ಲಿ ಜಾಗವಿರಲಿಲ್ಲ. ಡಬ್ಬಿ ತುಂಬಿಯೇ ಇರುತ್ತಿತ್ತು. ಹಿಟ್ಟು ತೀರಿದೆ ಎಂದೇಕೆ ಹೇಳಿದೆ ಎಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.